ಎಕ್ಸೋಮ್ ನೆಗೆಟಿವ್ ಬಂದ ಮೇಲೂ ಬಿಡಲಿಲ್ಲ

"ಎಕ್ಸೋಮ್‌ನಲ್ಲೇ ಸಿಗದ್ದು ಜೀನೋಮ್‌ನಲ್ಲಿ ಸಿಗುತ್ತಾ? ಸುಮ್ನೆ ದುಡ್ಡು ದಂಡ" ಅಂತ ನಮ್ಮಲ್ಲೇ ಮೂವರು ಹೇಳಿದ್ದರು. ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ. ಎಕ್ಸೋಮ್ ಅಂದರೆ ಡಿಎನ್‌ಎಯಲ್ಲಿ ಪ್ರೋಟೀನಿನ ಸೂತ್ರ ಇರುವ ಭಾಗವನ್ನಷ್ಟೇ ಓದುವ ಪರೀಕ್ಷೆ; ಜೀನೋಮ್ ಅಂದರೆ ಇಡೀ ಡಿಎನ್‌ಎ ಓದುವುದು.

ಬಾಗಲಕೋಟೆ ಕಡೆಯ ಹುಡುಗಿ, 7 ವರ್ಷ. ತಾಯಿ ಮದುವೆಯಾಗಿದ್ದು ಸೋದರಮಾವನನ್ನು. ಸೆರೆಬ್ರಲ್ ಪಾಲ್ಸಿ ಅಂತ ಐದು ವರ್ಷ ಫಿಸಿಯೋಥೆರಪಿ ಆಗಿತ್ತು. ಎಂಆರ್‌ಐ ನೋಡಿದರೆ ಏನೂ ಇಲ್ಲ.

ಎಕ್ಸೋಮ್‌ಗೆ ಸುಮಾರು 25,000 ಹೋಯಿತು. ಬಂದದ್ದು ಎರಡು ವಿಯುಎಸ್, ಅಂದರೆ ರೋಗಕ್ಕೆ ಕಾರಣವೋ ಅಲ್ಲವೋ ಗೊತ್ತಿಲ್ಲದ ಬದಲಾವಣೆಗಳು. ಒಂದರ ಹಿಂದೆ ಎರಡು ತಿಂಗಳು ಓಡಿದೆ. ಮನೆಯವರಲ್ಲೂ ಅದು ಇದೆಯಾ ಅಂತ ಆ ಒಂದು ಜಾಗವನ್ನಷ್ಟೇ ಓದುವ ಸ್ಯಾಂಗರ್ ಪರೀಕ್ಷೆಗೆ ಇನ್ನೊಂದು ಎಂಟು ಸಾವಿರ. ಕೊನೆಗೆ ನೋಡಿದರೆ ಗಟ್ಟಿಮುಟ್ಟಾಗಿರುವ ಅಣ್ಣನಲ್ಲೂ ಅದೇ ಹೋಮೋಜೈಗಸ್ (ಜೀನಿನ ಎರಡೂ ಪ್ರತಿಗಳಲ್ಲಿ ಒಂದೇ)! ಅಂದರೆ ಕಾರಣ ಅದಲ್ಲ.

ಆ ಹೊತ್ತಲ್ಲೇ ತಾಯಿ ಒಂದು ಮಾತು ಹೇಳಿದರು: "ಮುಂಜಾನೆ ಚಲೋ ಇರ್ತಾಳ್ರೀ ಸರ, ಸಂಜಿ ಆದ್ರ ಕಾಲು ಎಳೀತಾಳ್ರೀ." ಯಾವ ಫೈಲಲ್ಲೂ ಇದು ಇರಲಿಲ್ಲ. ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ ಡೋಪಮೀನ್ ಕಡಿಮೆಯಾದರೆ ಹೀಗೆ ಸಂಜೆಗೆ ಹೆಚ್ಚಾಗಬಹುದು ಅಂತ ನನಗೆ ತಕ್ಷಣ ಹೊಳೆಯಿತು.

ಜೀನೋಮ್‌ಗೆ 60,000 ಚಿಲ್ಲರೆ. ಅರ್ಧ ಒಂದು ಟ್ರಸ್ಟ್ ಕೊಟ್ಟಿತು, ಉಳಿದದ್ದಕ್ಕೆ ತಂದೆ ಎಮ್ಮೆ ಮಾರಿದರು. 30ಎಕ್ಸ್, ಅಂದರೆ ಪ್ರತಿ ಜಾಗವನ್ನೂ ಸರಾಸರಿ 30 ಸಲ ಓದಿದ್ದು; ಸುಮಾರು 48 ಲಕ್ಷ ಬದಲಾವಣೆಗಳು. ಸೋದರಮಾವನ ಸಂಬಂಧದಲ್ಲಿ ಹುಟ್ಟಿದ ಮಗು ಅಂದರೆ ಡಿಎನ್‌ಎಯಲ್ಲಿ ಸರಾಸರಿ ಎಂಟನೇ ಒಂದು ಪಾಲು ಹೋಮೋಜೈಗಸ್ ಇರುತ್ತೆ, ಮೊದಲು ಅಷ್ಟನ್ನೇ ಹಿಡಿದೆ. ಯಾವ ಬದಲಾವಣೆ ಎಷ್ಟು ಅಪರೂಪ ಅಂತ ತೋರಿಸುವ ಅಂತರರಾಷ್ಟ್ರೀಯ ಡೇಟಾಬೇಸ್ ಗ್ನೋಮ್‌ಎಡಿ ಒಂದನ್ನೇ ನಂಬಿದರೆ ನಮ್ಮ ಮಂದಿಯ ಮಾಮೂಲಿ ಬದಲಾವಣೆಯೂ ಅಪರೂಪ ಅಂತ ಕಾಣುತ್ತೆ. ಭಾರತೀಯರ ಜೀನೋಮ್ ಸಂಗ್ರಹ ಇಂಡಿಜೀನೋಮ್ಸ್‌ನ 1,029 ಜನರ ಡೇಟಾದಲ್ಲೂ ಜರಡಿ ಹಿಡಿದೆ. 

ಕೊನೆಗೆ ಸಿಕ್ಕಿದ್ದು 11ನೇ ಕ್ರೋಮೋಸೋಮಿನ ತುದಿಯಲ್ಲಿರುವ ಟಿಎಚ್ ಜೀನ್, ಡೋಪಮೀನ್ ತಯಾರಿಗೆ ಬೇಕಾದ ಕಿಣ್ವದ್ದು. ಪ್ರೋಟೀನ್ ಶುರುವಾಗುವ ಜಾಗಕ್ಕಿಂತ 71 ಅಕ್ಷರ ಹಿಂದೆ, ಜೀನನ್ನು ಚಾಲೂ ಮಾಡುವ ಪ್ರಮೋಟರಿನಲ್ಲಿ, ಸಿ ಇರಬೇಕಾದಲ್ಲಿ ಟಿ. ಜೀನ್ ಉಲ್ಟಾ ಎಳೆಯಲ್ಲಿರುವುದರಿಂದ ಓದಿದ ತುಣುಕುಗಳನ್ನು ತೋರಿಸುವ ತಂತ್ರಾಂಶ ಐಜಿವಿಯಲ್ಲಿ ಕಂಡದ್ದು ಎ. ಮೂವತ್ತು ಚಿಲ್ಲರೆ ರೀಡ್ (ಓದಿದ ಡಿಎನ್‌ಎ ತುಣುಕು), ಮೇಲಿಂದ ಕೆಳಗೆ ಒಂದೇ ಹಸಿರು ಗೆರೆ, ಅಂದರೆ ಎರಡೂ ಪ್ರತಿಗಳಲ್ಲಿ ಅದೇ. ಎಕ್ಸೋಮ್ ಫೈಲ್ ತೆಗೆದು ನೋಡಿದೆ. ಆ ಜಾಗದಲ್ಲಿ ಒಂದು ರೀಡೂ ಇಲ್ಲ. ಈ ಬದಲಾವಣೆ ಮೊದಲೇ ವರದಿಯಾದದ್ದೇ. ಅಪ್ಪ, ಅಮ್ಮ ಇಬ್ಬರೂ ಕ್ಯಾರಿಯರ್, ಒಂದೊಂದು ಪ್ರತಿಯಲ್ಲಷ್ಟೇ ಇದೆ. ಅಣ್ಣನಲ್ಲಿ ಇಲ್ಲವೇ ಇಲ್ಲ.

ಇದೇ ಹುಮ್ಮಸ್ಸಲ್ಲಿ ಹಳೆಯ ನಲವತ್ತು ನೆಗೆಟಿವ್ ಎಕ್ಸೋಮ್ ತೆಗೆದು ಡೆಪ್ತ್, ಅಂದರೆ ಒಂದೊಂದು ಜಾಗಕ್ಕೆ ಎಷ್ಟು ರೀಡ್ ಅಂತ ಎಣಿಸಿದೆ. ಎರಡರಲ್ಲಿ ಜೀನಿನ ಒಂದು ತುಂಡು, ಇಡೀ ಎಕ್ಸಾನೇ ಹಾರಿಹೋಗಿತ್ತು. ಸ್ನಾಯು ಸೊರಗುವ ಎಸ್‌ಎಂಎ ಕಾಯಿಲೆಯ ಜೀನ್ ಎಸ್‌ಎಂಎನ್1 ಮಾತ್ರ ಈ ದಾರಿಯಲ್ಲಿ ಹುಡುಕಬೇಡಿ. ಅದರಂತೆಯೇ ಇರುವ ಎಸ್‌ಎಂಎನ್2ನ ರೀಡ್‌ಗಳು ಬಂದು ಕೂತಿರುತ್ತವೆ, ಜೀನಿನ ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ಪರೀಕ್ಷೆಯೇ ಬೇಕು.

ಹುಡುಗಿಗೆ ನ್ಯೂರಾಲಜಿಯವರು ಮಿದುಳಲ್ಲಿ ಡೋಪಮೀನ್ ಆಗುವ ಔಷಧಿ ಲೆವೊಡೋಪಾ ಶುರು ಮಾಡಿದರು. 100 ಮಿಲಿಗ್ರಾಂ ಮಾತ್ರೆ ಪುಡಿ ಮಾಡಿ 10 ಮಿಲಿ ನೀರಲ್ಲಿ ಕಲಸಿ, ಅದರಲ್ಲಿ ದಿನಕ್ಕೆ 1 ಮಿಲಿ ಮಾತ್ರ. ಈ ಮಕ್ಕಳಿಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ಕೈಕಾಲು ತಾವಾಗಿಯೇ ಕುಣಿಯತೊಡಗುತ್ತವೆ. ನಿಧಾನಕ್ಕೆ ಏರಿಸಿದರು. ಮಾತ್ರೆಗೆ ಬೀಳುವುದು ಕೆಲವೇ ರೂಪಾಯಿ.

ಆರನೇ ವಾರ ತಂದೆ ವಿಡಿಯೊ ಕಳಿಸಿದರು. ಸಂಜೆ ಏಳು ಗಂಟೆ, ಅಂಗಳದಲ್ಲಿ ಲೈಟ್ ಹಾಕಿದ್ದಾರೆ. ಹುಡುಗಿ ತುಂಬಿದ ತಂಬಿಗೆ ಹಿಡಿದು ಬಾಗಿಲಿಂದ ತುಳಸಿಕಟ್ಟೆವರೆಗೆ ನಡೆದು ಹೋದಳು.