ಒಲೆ ಹಚ್ಚದ ಬುತ್ತಿ: ಆಸ್ಟಿನ್‌ನ ಐಸ್ ಮಳೆಗೆ ನನ್ನ ತಯಾರಿ

2023ರ ಜನವರಿ ಮುಗಿದು ಫೆಬ್ರವರಿ ಹುಟ್ಟುವ ಹೊತ್ತಿಗೆ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ಇದ್ದವರಿಗೆ ಆ ಐಸ್ ಮಳೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಕ್ ಮರದ ಕೊಂಬೆಗಳು ಐಸಿನ ಭಾರ ತಾಳದೆ ರಾತ್ರಿಯಿಡೀ ಮುರಿದು ತಂತಿಗಳ ಮೇಲೆ ಬಿದ್ದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಕಡೆ ಕರೆಂಟ್ ಹೋಯಿತು, ಕೆಲವು ಬೀದಿಗಳಿಗೆ ವಾರ ಕಳೆದರೂ ಬರಲಿಲ್ಲ. ನಮ್ಮದು ಪೂರ್ತಿ ಎಲೆಕ್ಟ್ರಿಕ್ ಮನೆ. ಒಲೆ, ಹೀಟರ್, ಸ್ನಾನದ ನೀರು, ಎಲ್ಲ ಕರೆಂಟಿನ ಮೇಲೆಯೇ. ಆದರೂ ಮನೆಮಂದಿಯೆಲ್ಲ ಅಷ್ಟೂ ದಿನ ಹೊಟ್ಟೆ ತುಂಬ ಉಂಡೆವು, ಅಕ್ಕಪಕ್ಕದ ಮನೆಗಳಿಗೂ ಕೊಟ್ಟೆವು, ಒಂದು ಸಲವೂ ಅಂಗಡಿಯ ಸಾಲಿನಲ್ಲಿ ನಿಲ್ಲಲಿಲ್ಲ.

ಇದನ್ನು ಸಾಧಿಸಿದ್ದು ಖಡಕ್ ರೊಟ್ಟಿಯಿಂದ. ಅದಕ್ಕೂ ಮೊದಲು ನಮ್ಮ ಗೆಳೆಯರ ಬಳಗದಲ್ಲಿ ಇದನ್ನು ಒಪ್ಪಿದವರು ಯಾರೂ ಇರಲಿಲ್ಲ. "ವೈನಿ, ಯಲ್ಲಮ್ಮನ ಗುಡ್ಡಕ್ಕ ಹೊಂಟೀರೇನು? ಬ್ರೆಡ್ಡು, ಪೀನಟ್ ಬಟರ್ ಇದ್ರ ಮುಗೀತಲ್ರೀ" ಅಂದವರೇ ಆಮೇಲೆ ಫೋನ್ ಮಾಡಿ ಎಷ್ಟು ಹಿಟ್ಟು, ಯಾವ ಡಬ್ಬಿ ಅಂತ ಕೇಳತೊಡಗಿದರು. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದುಬಿಡುತ್ತಿದ್ದೇನೆ. ರೊಟ್ಟಿ ಬಡಿಯೋದು ಹೇಗೆ ಅಂತ ಬರೆಯೋದಿಲ್ಲ, ಅದು ಬರುವವರಿಗೇ ಈ ಮಾತು.

ಹಿನ್ನೆಲೆ ಇಷ್ಟು. 2021ರ ಫೆಬ್ರವರಿಯ ಚಳಿಬಿರುಗಾಳಿಯಲ್ಲಿ (ಯೂರಿ ಅಂತಾರಲ್ಲ, ಅದೇ) ಟೆಕ್ಸಸ್‌ನ ಕನ್ನಡದ ಮನೆಗಳಲ್ಲಿ ಸಾಮಾನಿಗೇನೂ ಬರ ಇರಲಿಲ್ಲ. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ, ತೊಗರಿಬೇಳೆ, ಫ್ರೀಜರ್ ತುಂಬ ಪರಾಠ, ಇಡ್ಲಿ ಹಿಟ್ಟು. ನಡುರಾತ್ರಿ ದಾಟಿ ಫೆಬ್ರವರಿ 15 ಹುಟ್ಟಿದ ಮೇಲೆ ಗ್ರಿಡ್ ಉಳಿಸಲು ಕರೆಂಟ್ ಕಡಿತ ಶುರುವಾಯಿತು. ಹೊರಗೆ ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗೆ. ಆ ಅಕ್ಕಿಬೇಳೆ ಬೇಯಿಸಲು ಬೆಂಕಿಯೇ ಇಲ್ಲ. ಎರಡು ದಿನಕ್ಕೆ ನೀರಿನದೂ ಅದೇ ಕಥೆ: 17ರಂದು ಊರಿಗೆಲ್ಲ ನೀರು ಕುದಿಸಿ ಕುಡಿಯಿರಿ ಅಂತ ಸೂಚನೆ ಬಂತು. ಒಲೆ ಇಲ್ಲದವರು ಕುದಿಸೋದು ಯಾತರ ಮೇಲೆ? ಸರ್ಕಾರದ ಲೆಕ್ಕದಲ್ಲೇ ರಾಜ್ಯದಲ್ಲಿ 246 ಜನ ಸತ್ತರು. ಆವತ್ತೇ ನಾನು ತೀರ್ಮಾನಿಸಿದ್ದು, ಬಿರುಗಾಳಿಗೆ ಅಂತ ಕೂಡಿಡುವ ಊಟಕ್ಕೆ ಒಲೆ ಬೇಡ, ಫ್ರಿಜ್ ಬೇಡ, ನೀರು ಆದಷ್ಟು ಕಡಿಮೆ ಬೇಕು. ನಮ್ಮ ಕಡೆ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಜಾತ್ರೆಗೆ ಹೋಗುವವರು ತಲೆಮಾರುಗಳಿಂದ ಕಟ್ಟುತ್ತಿದ್ದ ಬುತ್ತಿ ಇದೇ ತಾನೇ.

ಮೊದಲು ಹಿಟ್ಟು. ಇಂಡಿಯನ್ ಅಂಗಡಿಯ ಜೋಳದ ಹಿಟ್ಟು ಹಡಗಿನಲ್ಲಿ ಬಂದು ಶೆಲ್ಫ್‌ನಲ್ಲಿ ಕೂತು ಜಿಗಿ ಕಳೆದುಕೊಂಡಿರುತ್ತದೆ. ಬಡಿದರೆ ಅಂಚೆಲ್ಲ ಸೀಳು. ಪ್ಯಾಕ್ ಮಾಡಿದ ತಾರೀಕು ನೋಡಿ, ನಾಲ್ಕು ತಿಂಗಳ ಒಳಗಿನದಾದರೆ ಮಾತ್ರ ತನ್ನಿ. ಇಲ್ಲಿನ ಬಿಳಿ ಸೋರ್ಗಮ್ ಹಿಟ್ಟಿನಲ್ಲೂ ಮಾಡಿ ನೋಡಿದೆ. ನುಣುಪು ಹೆಚ್ಚು, ಒಣಗಿದ ಮೇಲೆ ಮುಟ್ಟಿದರೆ ಪುಡಿ. ಅಮೆರಿಕದಲ್ಲಿ ಜೋಳ ಬೆಳೆಯೋದರಲ್ಲಿ ಕಾನ್ಸಸ್ ಬಿಟ್ಟರೆ ಟೆಕ್ಸಸ್ಸೇ, ಕಾರ್ಪಸ್ ಕ್ರಿಸ್ಟಿ ಕಡೆ ಹೋದರೆ ದಾರಿಯ ಎರಡೂ ಬದಿಗೆ ಜೋಳದ ಹೊಲ ಕಾಣುತ್ತದೆ. ನನ್ನ ಜೀವ ಹಿಗ್ಗಿ ಹೋಗಿತ್ತು. ಆದರೆ ಅದು ಕೆಂಪು ಜೋಳ, ದನದ ಮೇವಿನ ಲೆಕ್ಕದ್ದು. ಅದರ ಆಸೆ ಬಿಟ್ಟೆ. ಕೊನೆಗೆ ಊಟಕ್ಕೆ ಅಂತಲೇ ಮಾರುವ ಬಿಳಿ ಜೋಳದ ಕಾಳು ತರಿಸಿ, ಗೆಳತಿಯ ಮನೆಯ ಸಣ್ಣ ಗಿರಣಿಯಲ್ಲಿ ಬೀಸಿ, ಅಂಗಡಿಯ ಹಿಟ್ಟಿಗೆ ಮೂರಕ್ಕೆ ಒಂದರಂತೆ ಬೆರೆಸಿದೆ. ಅಲ್ಲಿಂದ ರೊಟ್ಟಿ ಕೈಗೆ ಬಂತು. ಎಸರಿಗೆ ಇನ್ನೊಂದು ವಸ್ತು ಹಾಕುತ್ತೇನೆ. ಅದು ನಮ್ಮ ಅವ್ವನಿಂದ ಬಂದದ್ದು, ಅದನ್ನು ಇಲ್ಲಿ ಬರೆಯಲ್ಲ.

ನಿಜವಾದ ಕಷ್ಟ ಇದ್ದದ್ದು ಒಣಗಿಸುವುದರಲ್ಲಿ. ಊರಲ್ಲಾದರೆ ಸುಟ್ಟ ರೊಟ್ಟಿಯನ್ನು ಒಲೆಯ ಮಗ್ಗುಲಿಗೆ ಆನಿಸಿ ನಿಲ್ಲಿಸುತ್ತಾರೆ, ಕೆಂಡದ ಕಾವಿಗೆ ತಾನೇ ಖಡಕ್ ಆಗುತ್ತದೆ. ಇಲ್ಲಿ ಗಾಜಿನ ಒಲೆ, ಕೆಂಡ ಎಲ್ಲಿಂದ ಬರಬೇಕು. ಓವನ್‌ನಲ್ಲಿ 300 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟ ಮೊದಲ ತಂಡ ಮೇಲೆ ಕಂದು, ನಡುವೆ ಮೆತ್ತಗೆ. 200ಕ್ಕೆ ಇಟ್ಟದ್ದು ಒಣಗಿತು, ಆದರೆ ಸುರುಳಿ ಸುತ್ತಿ ಡಬ್ಬಿಯಲ್ಲಿ ಒಂದರ ಮೇಲೊಂದು ಕೂರದೆ ಹೋಯಿತು. ಈಗ ಮಾಡುವ ಪದ್ಧತಿ ಹೀಗಿದೆ. ಬೀಡಿನ ಹಂಚಿನ ಮೇಲೆ ಎರಡೂ ಬದಿ ಸುಟ್ಟ ಕೂಡಲೇ, ಮಡಿಚಿದ ಹತ್ತಿ ಬಟ್ಟೆಯಿಂದ ಅಂಚು, ನಡು ಎರಡನ್ನೂ ಒತ್ತುತ್ತ ಸಣ್ಣ ಕಾವಿನಲ್ಲಿ ಇನ್ನಷ್ಟು ಹೊತ್ತು ಬಿಡುತ್ತೇನೆ. ಚಪ್ಪಟೆ ಆಗಿ ಗಟ್ಟಿಯಾದ ಮೇಲೆ ಓವನ್ ಜಾಲರಿಯ ಕಂಬಿಗಳ ನಡುವೆ ಒಂದೊಂದಾಗಿ ಲಂಬವಾಗಿ ಸಿಕ್ಕಿಸಿ, ಓವನ್‌ನ ಅತಿ ಕಡಿಮೆ ಕಾವು, ನಮ್ಮದರಲ್ಲಿ 170, ಅಷ್ಟಕ್ಕೆ ಇಟ್ಟು, ಬಾಗಿಲಿಗೆ ಮರದ ಸೌಟು ಸಿಗಿಸಿ ಚೂರು ತೆರೆದಿಡುತ್ತೇನೆ. ತಾಸು, ಒಂದೂವರೆ ತಾಸು. ಬೆರಳಿಂದ ತಟ್ಟಿದರೆ ಹಂಚಿಕಡ್ಡಿ ಮುರಿದಂಥ ಟಕ್ ಸದ್ದು ಬರಬೇಕು. ಮಂದ ಸದ್ದು ಬಂದರೆ ಒಳಗೆ ಪಸೆ ಇದೆ ಅಂತಲೇ ಲೆಕ್ಕ, ಮತ್ತೆ ಒಳಗೆ.

ಆ ಪಸೆಯೇ ವೈರಿ. ಬಿಸಿ ಇರುವಾಗಲೇ ಜಿಪ್ ಚೀಲಕ್ಕೆ ಹಾಕಿದ ಒಂದು ತಂಡ ಹತ್ತು ದಿನದೊಳಗೆ ಹಸಿರು ಬೂಸ್ಟು ಹಿಡಿಯಿತು. ವ್ಯಾಕ್ಯೂಮ್ ಮಾಡಿದರೆ ಹೇಗೆ ಅಂತ ಅರವತ್ತೋ ಎಪ್ಪತ್ತೋ ಡಾಲರ್ ಕೊಟ್ಟು ಯಂತ್ರ ತರಿಸಿದೆವು. ಗಾಳಿ ಎಳೆದುಕೊಂಡ ಕೂಡಲೇ ಚೀಲದೊಳಗೆ ರೊಟ್ಟಿಯೆಲ್ಲ ಚೂರುಚೂರು. ಆ ಯಂತ್ರ ಈಗ ಚಟ್ನಿಪುಡಿಗೆ ಉಪಯೋಗ, ಅದಕ್ಕೆ ಬಹಳ ಚೆಂದ ಆಗುತ್ತದೆ. ರೊಟ್ಟಿಗೆ ಉಳಿದದ್ದು ಹಳೆಯ ದಾರಿಯೇ: ರಾತ್ರಿಯಿಡೀ ಫ್ಯಾನ್ ಕೆಳಗೆ ಆರಿಸಿ, ಒಗೆದ ಧೋತರದಲ್ಲಿ ಸುತ್ತಿ, ದೊಡ್ಡ ತಗಡಿನ ಡಬ್ಬಿ. ಹಬ್ಬದ ಸೀಸನ್‌ನಲ್ಲಿ ಪಾಪ್‌ಕಾರ್ನ್ ತುಂಬಿ ಮಾರುವ ಆ ಡಬ್ಬಿಗಳಿವೆಯಲ್ಲ, ಅವು ಅಳತೆಗೆ ಸರಿಯಾಗಿ ಹೊಂದುತ್ತವೆ. ಮುಚ್ಚಳದ ಸುತ್ತ ಟೇಪು. ಹೀಗೆ ಇಟ್ಟದ್ದು ಒಂದೂವರೆ ತಿಂಗಳು ಏನೂ ಆಗಲ್ಲ.

ಸಜ್ಜೆ ರೊಟ್ಟಿಯ ಆಸೆಯೂ ಇತ್ತು. ಸಂಕ್ರಾಂತಿಗೆ ಹೇಗೂ ಎಳ್ಳು ಹಚ್ಚಿ ಮಾಡುತ್ತೇವೆ, ಇಲ್ಲಿನ ದೊಡ್ಡ ಚಳಿ ಬರೋದೂ ಅದಾದ ಮೇಲೆಯೇ. ಒಂದೇ ಕೈಯಲ್ಲಿ ಎರಡೂ ಆಗಲಿ ಅಂದುಕೊಂಡೆ. ಆದರೆ ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಹಿಟ್ಟು ಬೀಸಿದ ಮೇಲೆ ಬೇಗ ಕಹಿ ಹತ್ತುತ್ತದೆ. ಎರಡು ವಾರ ಕಳೆದ ರೊಟ್ಟಿ ಮಕ್ಕಳು ಬಾಯಿಗಿಟ್ಟು ಉಗಿದರು. ಹಾಗಾಗಿ ಸಜ್ಜೆ ಹಬ್ಬಕ್ಕೆ, ಜೋಳ ಬಿರುಗಾಳಿಗೆ.

ಜತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಹಚ್ಚಿದ ಅವಲಕ್ಕಿ, ಬೆಲ್ಲದ ಮಾದಲಿ. ಖಾರವನ್ನು ಅರ್ಧಕ್ಕೆ ಇಳಿಸಿ. ಒಣ ರೊಟ್ಟಿ, ಖಾರದ ಚಟ್ನಿ ಎರಡೂ ಸೇರಿದರೆ ನೀರು ವಿಪರೀತ ಬೇಕಾಗುತ್ತದೆ, ನೀರೇ ಇಲ್ಲದ ದಿನ ಅದು ಭಾರೀ ಹೊಡೆತ. ಗುರೆಳ್ಳು ಸಿಗಲ್ಲ ಅಂತ ಹಕ್ಕಿಕಾಳಿನ ಅಂಗಡಿಯದನ್ನು ತಂದು ಹುರಿಯಬೇಡಿ, ಅದು ಹಕ್ಕಿಗೆ ಅಂತಲೇ ತಯಾರಾದದ್ದು. ಹಾಲಿನ ಪುಡಿ ಇಟ್ಟರೆ ಮಾದಲಿಗೆ ಕಲಸಲು ಆಯಿತು, ಚಹಾಕ್ಕೂ ಆಯಿತು. ಚಿಕ್ಕವರಿಗೆ ರೊಟ್ಟಿ ಮುರಿದು ಹಾಲು, ಬೆಲ್ಲದಲ್ಲಿ ನೆನೆಸಿ ಕೊಟ್ಟೆ, ತಟ್ಟೆ ನೆಕ್ಕಿದರು.

ದಿನಕ್ಕೊಮ್ಮೆ ಬಿಸಿ ಏನಾದರೂ ಹೊಟ್ಟೆಗೆ ಬಿದ್ದರೆ ಮನಸ್ಸಿಗೆ ಧೈರ್ಯ. ಅದಕ್ಕೆ ಕೊರಿಯನ್ ಅಂಗಡಿಯಿಂದ ಚಿಕ್ಕ ಬ್ಯೂಟೇನ್ ಒಲೆ, ಮೂವತ್ತು ಡಾಲರ್ ಒಳಗೆ. ಹೊರಗೆ ಪ್ಯಾಟಿಯೊದಲ್ಲಿ ಹಚ್ಚಿದರೆ ಉರಿ ಮೇಣದಬತ್ತಿಯಷ್ಟೇ ಬಂತು. ಬ್ಯೂಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಅನಿಲವಾಗೋದು ನಿಲ್ಲುತ್ತದೆ, ಆ ಬೆಳಿಗ್ಗೆ ಹೊರಗೆ ಅದಕ್ಕಿಂತ ಕೆಳಗಿತ್ತು. ಕ್ಯಾನ್ ಅನ್ನು ರಾತ್ರಿ ಮನೆಯೊಳಗೆ ಇಟ್ಟು, ಹಚ್ಚುವ ಮೊದಲು ಕೋಟಿನ ಒಳಗೆ ಮೈಶಾಖದಲ್ಲಿ ಇಟ್ಟುಕೊಂಡರೆ ಸರಿಯಾಗಿ ಉರಿಯುತ್ತದೆ. ಬೆಂಕಿಯ ಮೇಲೆ, ಬಿಸಿ ಹೀಟರ್ ಪಕ್ಕ ಮಾತ್ರ ಇಡಬೇಡಿ. ಒಲೆಯನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ ಹಚ್ಚಲೇಬೇಡಿ. 2021ರಲ್ಲಿ ಕಾರ್ಬನ್ ಮೋನಾಕ್ಸೈಡ್‌ಗೆ ಸತ್ತವರಲ್ಲಿ ಗ್ಯಾರೇಜಿನೊಳಗೆ ಕಾರು ಚಾಲೂ ಮಾಡಿ ಬೆಚ್ಚಗೆ ಕೂತವರೂ ಇದ್ದರು. ಆ ವಿಷಾನಿಲ ಬಂದರೆ ಕೂಗುವ ಬ್ಯಾಟರಿಯ ಅಲಾರಂ ಒಂದು ಇಟ್ಟುಕೊಳ್ಳಿ.

ಗ್ಯಾಸ್ ಉಳಿಸಿದ್ದು ಕೌದಿ. ಮೂರು ಲೀಟರ್ ಕುಕ್ಕರ್‌ನಲ್ಲಿ ಅಕ್ಕಿ, ಹೆಸರುಬೇಳೆ, ಅರಿಷಿಣ, ಉಪ್ಪು. ಒಂದೇ ಸೀಟಿಗೆ ಇಳಿಸಿ, ಕೆಳಗೆ ದಿನಪತ್ರಿಕೆ ಹಾಸಿ, ಅವ್ವ ಹಳೆಯ ಸೀರೆಗಳಲ್ಲಿ ಹೊಲಿದ ಕೌದಿಯಲ್ಲಿ ಗಟ್ಟಿಯಾಗಿ ಸುತ್ತಿ, ಪಿಕ್‌ನಿಕ್ ಕೂಲರ್ ಒಳಗೆ ತುರುಕಿ ಮುಚ್ಚಿದೆ. ಒಂದೂವರೆ ತಾಸಿನ ಮೇಲೆ ತೆಗೆದರೆ ಖಿಚಡಿ ಬೆರಳಲ್ಲಿ ಹಿಚುಕುವಷ್ಟು ಬೆಂದಿತ್ತು, ಇನ್ನೂ ಹಬೆಯಾಡುತ್ತಿತ್ತು. ತೊಗರಿಬೇಳೆಗೆ ಇದು ಸಾಲದು, ಮೊದಲೇ ನೆನೆಸಿದ್ದರೂ ಕಾಳುಕಾಳು ಉಳಿಯಿತು. ಹೆಸರುಬೇಳೆ, ಕೆಂಪು ಮಸೂರ, ರವೆ ಇವಕ್ಕೆ ಮಾತ್ರ ನಂಬಿ. ಒಂದು ಕ್ಯಾನ್ ನಮಗೆ ಮೂರ್ನಾಲ್ಕು ದಿನ ಬಂತು.

ನೀರಿನ ಲೆಕ್ಕ. ತಲೆಗೆ ದಿನಕ್ಕೊಂದು ಗ್ಯಾಲನ್ ಅನ್ನೋದು ಇಲ್ಲಿನ ಸರ್ಕಾರಿ ಸಲಹೆ. ಪಾತ್ರೆ, ಕೈಕಾಲು, ಪಾಯಖಾನೆ ಸೇರಿಸಿದರೆ ನಮ್ಮಂಥ ಮನೆಗೆ ಅದು ಯಾವ ಮೂಲೆಗೂ ಸಾಲದು. ಬಾತ್‌ಟಬ್ ತುಂಬಿಸಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಇಳಿದಿರುತ್ತದೆ, ಅದರ ಬಿರಡೆ ಎಂದೂ ಭದ್ರ ಅಲ್ಲ. ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಆಮೇಲೆ ತುಂಬಿಸಿ. ಅದು ಫ್ಲಶ್‌ಗೆ, ಒಂದು ಸಲಕ್ಕೆ ಆರು ಲೀಟರ್ ಹಿಡಿಯಿರಿ. ಕುಡಿಯಲು ಬೇರೆ. ತೀರಾ ಅಡಚಣೆಗೆ ವಾಟರ್ ಹೀಟರ್ ಟ್ಯಾಂಕಿನ ಕೆಳಗೆ ನಲ್ಲಿ ಇದೆ, ಒಳಗೆ ನಲವತ್ತು ಐವತ್ತು ಗ್ಯಾಲನ್ ಇರುತ್ತದೆ. ಕರೆಂಟಿನ ಸ್ವಿಚ್ ಆಫ್ ಮಾಡಿಯೇ ತೆಗೆಯಿರಿ. ಹಿಮ ಕರಗಿಸುವ ಉಸಾಬರಿ ಬೇಡ. ಬಕೆಟ್ ತುಂಬ ಹಿಮ ತಂದರೆ ಬರೋದು ಒಂದೆರಡು ಚೊಂಬು ನೀರು. 2023ರಲ್ಲಿ ನಮ್ಮ ನಲ್ಲಿ ನಿಲ್ಲಲಿಲ್ಲ. ಕೂಡಿಟ್ಟದ್ದು ಗಿಡಗಳಿಗೆ ಹೋಯಿತು, ಅದಕ್ಕೆ ಬೇಜಾರಿಲ್ಲ.

ಖರ್ಚು ನೆನಪಿನ ಮೇಲೆ ಹೇಳುತ್ತೇನೆ. ಹಿಟ್ಟು, ಕಾಳು ಸೇರಿ ಹದಿನಾಲ್ಕು ಪೌಂಡಿನ ಸುಮಾರು, ಮೂವತ್ತು ಡಾಲರ್. ಅದರಲ್ಲಿ ನೂರರ ಮೇಲೆ ರೊಟ್ಟಿ. ಶೇಂಗಾ, ಅಗಸಿ, ಅವಲಕ್ಕಿ, ಬೆಲ್ಲ, ಹಾಲಿನ ಪುಡಿ ಐವತ್ತರ ಹತ್ತಿರ. ಒಲೆ, ಕ್ಯಾನ್‌ಗಳು ನಲವತ್ತೈದು. ಹಾಳಾದ ತಂಡಗಳನ್ನೂ ಹಿಡಿದರೆ ನೂರೈವತ್ತು ಅನ್ನಿ. 2023ರ ಐಸ್ ಮಳೆಯ ವಾರ ಪರಿಚಯದ ಒಂದು ಕುಟುಂಬ ಹೋಟೆಲ್ ರೂಮಿಗೆ ಅಂತ ಎರಡೇ ರಾತ್ರಿಗೆ ಐನೂರರ ಹತ್ತಿರ ಕೊಟ್ಟಿತು, ಮೇಲೆ ಫ್ರೀಜರ್‌ನಲ್ಲಿದ್ದದ್ದೆಲ್ಲ ಕಸಕ್ಕೆ. ಮುಚ್ಚಿದ, ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ, ಫ್ರಿಜ್ ನಾಲ್ಕೇ ತಾಸು. ಯೂರಿಯಲ್ಲಾದರೆ ಹೊರಗಿಟ್ಟು ಉಳಿಸಬಹುದಿತ್ತು. 2023ರಲ್ಲಿ ಒಂದೆರಡು ದಿನಕ್ಕೇ ಬಿಸಿಲು ಬಂದು ಐಸ್ ಕರಗಿತು, ಕರೆಂಟ್ ಮಾತ್ರ ಬರಲಿಲ್ಲ.

ಯಾವಾಗ ಶುರು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಟಿವಿಯಲ್ಲಿ ಬಿರುಗಾಳಿಯ ಹೆಸರು ಬಂದ ಮೇಲೆ ತಡವಾಯಿತು, ಎರಡು ದಿನ ಮೊದಲೇ ಬ್ರೆಡ್ಡು, ನೀರಿನ ಶೆಲ್ಫ್ ಖಾಲಿ. ನಾನು ಸಂಕ್ರಾಂತಿ ಮುಗಿದ ವಾರಾಂತ್ಯ ಹಂಚು ಇಡುತ್ತೇನೆ, ಮುನ್ಸೂಚನೆ ಏನೇ ಇರಲಿ. ಬಿರುಗಾಳಿ ಬಾರದಿದ್ದರೆ ಮಾರ್ಚ್‌ನಲ್ಲಿ ರೊಟ್ಟಿ ಮುರಿದು, ಮಜ್ಜಿಗೆ ಚಿಮುಕಿಸಿ, ಈರುಳ್ಳಿ ಒಗ್ಗರಣೆ ಕೊಟ್ಟರೆ ಬೆಳಗಿನ ತಿಂಡಿ ಆಯಿತು.

ಬರುವ ಸಂಕ್ರಾಂತಿಗೆ ನಾಲ್ಕೈದು ಮನೆಯವರು ನಮ್ಮಲ್ಲಿ ಸೇರಿ ಬಡಿಯೋದು ಅಂತ ಮಾತಾಗಿದೆ, ಜಾತ್ರೆಯ ಮಾತಾಡಿದ ಗೆಳೆಯರೂ ಹೆಂಡತಿ ಸಮೇತ ಬರುತ್ತಾರೆ. ಹಿಟ್ಟು ನಾನು ಬೀಸಿಸಿ ಇಡುತ್ತೇನೆ. ಹಂಚು ನನ್ನಲ್ಲಿ ಎರಡೇ ಇವೆ, ಬರುವವರು ತಮ್ಮತಮ್ಮದು ತನ್ನಿ, ತಗಡಿನ ಡಬ್ಬಿಯನ್ನೂ ತೊಳೆದು ಒಣಗಿಸಿ ತನ್ನಿ.