ಅಜ್ಜ-ಅಜ್ಜಿ, ಮಕ್ಕಳೊಂದಿಗೆ ಶ್ರೀಲಂಕಾ ಪ್ರವಾಸ: ಯೋಜನೆ ಹಾಕುವ ಬಗೆ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ, ಅಲ್ಲಿ ಇಳಿದ ಮೇಲೆ ಗಡಿಯಾರವನ್ನು ಬದಲಿಸುವ ಅಗತ್ಯವೂ ಇಲ್ಲ. ಇಷ್ಟು ಹತ್ತಿರದ ಪುಟ್ಟ ದ್ವೀಪವಾದ್ದರಿಂದ ಒಂದು ವಾರದಲ್ಲಿ ಎಲ್ಲವನ್ನೂ ಸುತ್ತಿ ಬರಬಹುದೆಂದು ಹಲವರು ಭಾವಿಸುತ್ತಾರೆ. ಆದರೆ ಕ್ಯಾಂಡಿಯಿಂದ ನುವರ ಎಲಿಯಕ್ಕೆ ಇರುವ ಎಂಬತ್ತು ಕಿಲೋಮೀಟರಿಗೂ ಕಡಿಮೆ ದೂರವನ್ನು ಕ್ರಮಿಸಲು ಎರಡೂವರೆಯಿಂದ ಮೂರು ಗಂಟೆ ಬೇಕಾಗುತ್ತದೆ. ಆದ್ದರಿಂದ ನಕ್ಷೆಯ ಮೇಲಿನ ದೂರವನ್ನು ನಂಬದೆ, ಮನೆಮಂದಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ನಡಿಗೆಗೆ ತಕ್ಕಂತೆ ದಿನಗಳನ್ನು ಹಂಚಬೇಕು, ಮತ್ತು ಪ್ರತಿ ಊರಿನಲ್ಲೂ ಕನಿಷ್ಠ ಎರಡು ರಾತ್ರಿ ತಂಗಬೇಕು. ಏಳೆಂಟು ದಿನಗಳಷ್ಟೇ ಇದ್ದರೆ ದಕ್ಷಿಣದ ಗಾಲೆ ಕೋಟೆಯನ್ನೂ ಯಾಲ ಅಭಯಾರಣ್ಯವನ್ನೂ ಮುಂದಿನ ಸಲಕ್ಕೆ ಬಿಟ್ಟು, ಸಿಗಿರಿಯ, ಕ್ಯಾಂಡಿ, ನುವರ ಎಲಿಯ ಈ ಮೂರಕ್ಕೇ ನಿಲ್ಲುವುದು ಲೇಸು.

ಕಾಲದ ಆಯ್ಕೆ ನಮ್ಮವರಿಗೆ ಸ್ವಲ್ಪ ತೊಡಕಿನದು, ಏಕೆಂದರೆ ನಮ್ಮ ಶಾಲೆಗಳ ರಜೆಗೂ ಅಲ್ಲಿಯ ಮಳೆಗೂ ಹೊಂದಾಣಿಕೆ ಕಡಿಮೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಕೊಲಂಬೊ ಮತ್ತು ಬೆಟ್ಟಸೀಮೆಯ ಪಶ್ಚಿಮ ಭಾಗವನ್ನು ತೋಯಿಸುತ್ತದೆ. ಡಿಸೆಂಬರ್ ಹೊತ್ತಿಗೆ ಈಶಾನ್ಯ ಮಾರುತವು ಉತ್ತರ ಮತ್ತು ಪೂರ್ವ ಭಾಗಗಳಿಗೆ ಮಳೆ ತರುತ್ತದೆ. ದಸರಾ ರಜೆಯ ಅಕ್ಟೋಬರಿನಲ್ಲಿ ಮಧ್ಯಾಹ್ನದ ಗುಡುಗು ಮಳೆ ಸಾಮಾನ್ಯ. ಏಪ್ರಿಲ್ ಅನುಕೂಲವೇ ಸರಿ, ಆದರೆ ತಿಂಗಳ ನಡುವೆ, ನಮ್ಮ ಸೌರಮಾನ ಯುಗಾದಿಯ ದಿನವೇ, ಸಿಂಹಳ-ತಮಿಳು ಹೊಸವರ್ಷ ಬರುತ್ತದೆ. ಆಗ ಅಂಗಡಿಗಳು ಮುಚ್ಚಿರುತ್ತವೆ, ಚಾಲಕರು ತಮ್ಮ ಊರುಗಳಿಗೆ ಹೋಗಿರುತ್ತಾರೆ, ನುವರ ಎಲಿಯದಲ್ಲಂತೂ ದ್ವೀಪದ ಜನರೇ ತುಂಬಿಕೊಂಡು ಕೋಣೆಯ ಬಾಡಿಗೆ ಏರುತ್ತದೆ. ಹಾಗಾಗಿ ಏಪ್ರಿಲ್ ಕೊನೆಯ ವಾರ ಹೊರಡುವುದು ಜಾಣತನ. ಪ್ರತಿ ಹುಣ್ಣಿಮೆಯೂ ಅಲ್ಲಿ ‘ಪೋಯ’ ಎಂಬ ಸರ್ಕಾರಿ ರಜಾದಿನವೆಂಬುದನ್ನೂ, ಅಂದು ವಿಹಾರಗಳಲ್ಲಿ ಬಹಳ ಜನ ಸೇರುತ್ತಾರೆಂಬುದನ್ನೂ ಪಂಚಾಂಗ ನೋಡಿ ಗುರುತು ಹಾಕಿಕೊಳ್ಳಿ.

ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಪ್ರವೇಶದ ಅನುಮತಿಯಾದ ಇಟಿಎಯನ್ನು ಮಕ್ಕಳಿಗೂ ಸೇರಿಸಿ ಪ್ರತಿಯೊಬ್ಬರ ಹೆಸರಿನಲ್ಲೂ ಶ್ರೀಲಂಕಾ ಸರ್ಕಾರದ ಅಧಿಕೃತ ತಾಣದಲ್ಲಿಯೇ ಪಡೆಯಬೇಕು; ಅದನ್ನೇ ಹೋಲುವ ಮಧ್ಯವರ್ತಿ ತಾಣಗಳು ಹೆಚ್ಚಿನ ಹಣ ಕೀಳುತ್ತವೆ. ಶುಲ್ಕದ ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ ಹಿಂದೆ ಹೋಗಿ ಬಂದ ನೆಂಟರ ಮಾತನ್ನೇ ನೆಚ್ಚಿಕೊಳ್ಳಬೇಡಿ. 2024ರ ಫೆಬ್ರುವರಿಯಿಂದ ಅಲ್ಲಿ ಯುಪಿಐ ಪಾವತಿಗೆ ಅವಕಾಶವಿದೆಯಾದರೂ, ಎಳನೀರಿನವರಿಗೆ, ಆಟೊದವರಿಗೆ, ಚಪ್ಪಲಿ ಕಾಯುವವರಿಗೆ ಕೊಡಲು ಆ ದೇಶದ ಚಿಲ್ಲರೆ ನೋಟುಗಳು ಕೈಯಲ್ಲಿರಲಿ.

ಈ ಪ್ರವಾಸದ ಮುಖ್ಯ ಆಕರ್ಷಣೆಯೂ ಮುಖ್ಯ ಪರೀಕ್ಷೆಯೂ ಸಿಗಿರಿಯವೇ. ಐದನೆಯ ಶತಮಾನದಲ್ಲಿ ಕಾಶ್ಯಪನೆಂಬ ರಾಜನು ಬಂಡೆಯ ನೆತ್ತಿಯ ಮೇಲೆ ಕಟ್ಟಿಸಿದ ಅರಮನೆಯ ಅವಶೇಷಗಳನ್ನು ತಲುಪಲು ಸುಮಾರು 1,200 ಮೆಟ್ಟಿಲುಗಳನ್ನು ಹತ್ತಬೇಕು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಕಡ್ಡಾಯವೆಂದೇ ತಿಳಿಯಿರಿ. ಒಂಬತ್ತರ ನಂತರ ಬಂಡೆ ಕಾದು, ಕಿರಿದಾದ ಕಬ್ಬಿಣದ ಮೆಟ್ಟಿಲುಗಳ ಮೇಲೆ ಜನರ ಸಾಲು ನಿಂತುಬಿಡುತ್ತದೆ. ಟಿಕೆಟ್ ಕೊಳ್ಳುವಾಗ ಮೂಲ ಪಾಸ್‌ಪೋರ್ಟನ್ನು ತೋರಿಸಿದರೆ ಸಾರ್ಕ್ ದೇಶದವರಿಗೆ ಇರುವ ಕಡಿಮೆ ದರ ಸಿಗುತ್ತದೆ, ಅಮೆರಿಕದ ಪಾಸ್‌ಪೋರ್ಟ್ ಹೊಂದಿರುವ ಮೊಮ್ಮಕ್ಕಳು ಜೊತೆಗಿದ್ದರೆ ಅವರಿಗೆ ಮಾತ್ರ ಪೂರ್ಣ ದರ. ಮಂಡಿನೋವಿರುವ ಹಿರಿಯರನ್ನು ‘ಇನ್ನು ಸ್ವಲ್ಪವೇ’ ಎಂದು ಹುರಿದುಂಬಿಸಿ ಹತ್ತಿಸುವುದು ಬೇಡ, ಏಕೆಂದರೆ ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಪೆಟ್ಟು ಹೆಚ್ಚು. ಬುಡದಲ್ಲಿರುವ ಜಲೋದ್ಯಾನಗಳು ಸಮತಟ್ಟಾಗಿವೆ, ವಸ್ತುಸಂಗ್ರಹಾಲಯವೂ ಇದೆ. ಅವರು ಅಲ್ಲಿ ನೆಮ್ಮದಿಯಾಗಿ ಹೊತ್ತು ಕಳೆಯಬಹುದು. ಹತ್ತುವವರು ಭಿತ್ತಿಚಿತ್ರಗಳ ಬಳಿ ಫೋಟೊ ತೆಗೆಯುವಂತಿಲ್ಲ. ಬಂಡೆಯ ಮೇಲ್ಗಡೆ ದೊಡ್ಡ ಕಣಜದ ಗೂಡುಗಳಿರುವುದರಿಂದ ಸದ್ದು ಮಾಡಬಾರದೆಂಬ ಫಲಕಗಳಿವೆ. ಅದು ತೋರಿಕೆಯ ಎಚ್ಚರಿಕೆಯಲ್ಲ, ಕೂಗಾಡುವ ಮಕ್ಕಳಿಗೆ ಮೊದಲೇ ಹೇಳಿರಿ.

ಹಿರಿಯರಿಗೆ ಸಿಗಿರಿಯ ಕೈತಪ್ಪಿದ ಕೊರಗನ್ನು, ಅಲ್ಲಿಂದಲೇ ಹೋಗಿ ಬರಬಹುದಾದ ಹಳೆಯ ರಾಜಧಾನಿ ಪೊಲೊನ್ನರುವ ತೀರಿಸುತ್ತದೆ. ಅಲ್ಲಿ ಒಂದು ತಾಣದಿಂದ ಇನ್ನೊಂದಕ್ಕೆ ವಾಹನದಲ್ಲೇ ಹೋಗಬಹುದು. ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕಡೆದ, ಹನ್ನೆರಡನೆಯ ಶತಮಾನದ ಬುದ್ಧವಿಗ್ರಹಗಳನ್ನು ಹೆಚ್ಚು ಹತ್ತದೆಯೇ ನೋಡಬಹುದು, ಮತ್ತು ಚೋಳರು ಕಟ್ಟಿಸಿದ ಪುಟ್ಟ ಶಿವಾಲಯದ ಮುಂದೆ ಕೈಮುಗಿಯಬಹುದು. ದಂಬುಲ್ಲದ ಗುಹಾಲಯದಲ್ಲೂ ಸರಿ, ಇಲ್ಲೂ ಸರಿ, ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ನಡೆಯಬೇಕಾಗುವುದರಿಂದ ಎಲ್ಲರ ಚೀಲದಲ್ಲೂ ಒಂದು ಜೊತೆ ಕಾಲುಚೀಲವಿರಲಿ.

ಬುದ್ಧನ ಹಲ್ಲನ್ನು ಇರಿಸಲಾಗಿದೆಯೆಂದು ನಂಬುವ ಕ್ಯಾಂಡಿಯ ದಂತಮಂದಿರಕ್ಕೆ ಹೋಗುವಾಗ ಭುಜ, ಮಂಡಿ ಮುಚ್ಚುವ, ಸಾಧ್ಯವಾದರೆ ಬಿಳಿಯ ಉಡುಪು ಧರಿಸಿ. ಪೂಜೆಯ ಹೊತ್ತಿನಲ್ಲಿ ಒಳಕೋಣೆಯ ಬಾಗಿಲು ತೆರೆದಾಗ ಕಾಣುವುದು ಚಿನ್ನದ ಕರಂಡಕವೇ ಹೊರತು ದಂತವಲ್ಲ. ಇದನ್ನು ಮೊದಲೇ ತಿಳಿಸದಿದ್ದರೆ ಮಕ್ಕಳು ನಿರಾಶರಾಗುತ್ತಾರೆ. ಸಂಜೆಗಿಂತ ಬೆಳಗಿನ ಪೂಜೆಯಲ್ಲಿ ನೂಕುನುಗ್ಗಲು ಕಡಿಮೆ. ಬುದ್ಧವಿಗ್ರಹಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುವುದನ್ನು ಆ ದೇಶದಲ್ಲಿ ಗಂಭೀರ ಅಪಚಾರವೆಂದು ಎಣಿಸುತ್ತಾರೆ.

ಕ್ಯಾಂಡಿಯಿಂದ ಚಹಾ ತೋಟಗಳ ನಡುವೆ ಏರುವ ರೈಲಿನಲ್ಲಿ, ನುವರ ಎಲಿಯಕ್ಕೆ ಹತ್ತಿರದ ‘ನಾನು ಓಯ’ ಎಂಬ ನಿಲ್ದಾಣದವರೆಗೆ ಹೋದರೆ ಸಾಕು. ಮುಂದಿನ ‘ಎಲ್ಲ’ ಎಂಬ ಊರಿನವರೆಗಿನ ಪೂರ್ತಿ ಪ್ರಯಾಣ ಚಿಕ್ಕ ಮಕ್ಕಳಿಗೆ ಬೇಸರ ತರಿಸುತ್ತದೆ. ಕಾದಿರಿಸಿದ ಆಸನಗಳು ಬಹುಬೇಗ ಮುಗಿಯುತ್ತವೆ. ಮಳೆಗೆ ಗುಡ್ಡ ಕುಸಿದಾಗ ಈ ಮಾರ್ಗದಲ್ಲಿ ಸಂಚಾರ ನಿಲ್ಲುವುದುಂಟಾದ್ದರಿಂದ, ರೈಲು ಓಡುತ್ತಿದೆಯೇ ಎಂದು ಹೋಟೆಲಿನಲ್ಲಿ ವಿಚಾರಿಸಿಕೊಂಡೇ ಹೊರಡಬೇಕು. ಲಗೇಜನ್ನು ವ್ಯಾನಿನಲ್ಲೇ ಮುಂದಕ್ಕೆ ಕಳುಹಿಸಿ. ನುವರ ಎಲಿಯ 1,868 ಮೀಟರ್ ಎತ್ತರದಲ್ಲಿದೆ. ಸ್ವೆಟರ್ ಇಲ್ಲದೆ ರಾತ್ರಿ ಕಳೆಯುವುದು ಕಷ್ಟ. ಅಶೋಕವನದ ನೆನಪಿನ ಸೀತಾ ದೇಗುಲ ಅಲ್ಲಿಂದ ಸಮೀಪದಲ್ಲೇ ಇದೆ.

ಸಸ್ಯಾಹಾರಿಗಳು ಒಂದು ವಿಷಯವನ್ನು ಖಡಾಖಂಡಿತವಾಗಿ ಕೇಳಬೇಕು. ಕೆಂಪಗೆ, ನಮ್ಮ ಕಾಯಿಚಟ್ನಿಯಂತೆಯೇ ಕಾಣುವ ‘ಪೊಲ್ ಸಂಬೋಲ’ಕ್ಕೂ ಹಲವು ತರಕಾರಿ ಪಲ್ಯಗಳಿಗೂ ‘ಉಂಬಲಕಡ’ ಎಂಬ ಒಣಮೀನಿನ ಪುಡಿ ಹಾಕುವ ರೂಢಿಯಿದೆ, ಮತ್ತು ಅದನ್ನು ಮಾಂಸಾಹಾರವೆಂದು ಅಡುಗೆಯವರು ಎಣಿಸದಿರುವುದೂ ಉಂಟು. ‘ವೆಜ್’ ಎಂದಷ್ಟೇ ಹೇಳಿದರೆ ಸಾಲದು, ‘ಉಂಬಲಕಡ ಎಪಾ’, ಅಂದರೆ ಅದು ಬೇಡ, ಎಂದು ಹೆಸರು ಹಿಡಿದೇ ಹೇಳಿ. ಒತ್ತುಶಾವಿಗೆಯಂಥ ‘ಇಂದಿ ಆಪ್ಪ’ ಮತ್ತು ಬೇಳೆಯ ‘ಪರಿಪ್ಪು’ ಹಿರಿಯರಿಗೆ ಹಿಡಿಸುತ್ತವೆ. ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿಗೆ ಬೈನೆ ಮರದ ಕಾಕಂಬಿಯನ್ನು ಸುರಿದು ಕೊಟ್ಟರೆ ಮಕ್ಕಳು ಎರಡನೆಯ ಕುಡಿಕೆ ಕೇಳುತ್ತಾರೆ.

ಆರಕ್ಕಿಂತ ಹೆಚ್ಚು ಜನರಿದ್ದರೆ ಚಾಲಕಸಹಿತ ವ್ಯಾನನ್ನು ಇಡೀ ಪ್ರವಾಸಕ್ಕೆ ಗೊತ್ತುಮಾಡಿಕೊಳ್ಳುವುದೇ ಸರಿ. ಇಂಧನ, ಹೆದ್ದಾರಿ ಸುಂಕ, ಚಾಲಕನ ಊಟ-ವಸತಿ ಯಾರ ಪಾಲಿಗೆಂಬುದನ್ನು ಬರಹದಲ್ಲಿ ಪಡೆಯಿರಿ. ಮಾತಲೆಯ ದಾರಿಯಲ್ಲಿ ಮಸಾಲೆ ತೋಟಗಳಿಗೂ ರತ್ನದ ಅಂಗಡಿಗಳಿಗೂ ವಾಹನ ತಿರುಗುವುದು ಅಪರೂಪವಲ್ಲ. ನಮ್ಮ ಮಲೆನಾಡಿನವರಿಗೆ ಏಲಕ್ಕಿ, ಮೆಣಸಿನ ಬಳ್ಳಿ ತೋರಿಸಲು ಟಿಕೆಟ್ ಏಕೆ ಬೇಕು? ಬೇಡವೆಂದು ಮೊದಲ ದಿನವೇ ನಗುನಗುತ್ತಾ ಹೇಳಿಬಿಟ್ಟರೆ ಚಾಲಕರು ಬೇಸರಪಡುವುದಿಲ್ಲ.

ವಿಮಾನ ನಿಲ್ದಾಣವಿರುವುದು ಕೊಲಂಬೊದಲ್ಲಲ್ಲ, ಅದರ ಉತ್ತರಕ್ಕಿರುವ ಕಟುನಾಯಕದಲ್ಲಿ. ಆದ್ದರಿಂದ ಬೆಟ್ಟದಿಂದ ಇಳಿದು ಅದೇ ದಿನ ವಿಮಾನ ಹತ್ತುವ ಸಾಹಸ ಮಾಡದೆ, ಕೊನೆಯ ರಾತ್ರಿಯನ್ನು ನಿಲ್ದಾಣಕ್ಕೆ ಹತ್ತಿರದ ನೆಗೊಂಬೊದಲ್ಲಿ ಕಳೆಯಿರಿ. ಸಂಜೆ ಮಕ್ಕಳು ಕಡಲತೀರದಲ್ಲಿ ಆಡುತ್ತಿರುವಾಗ ದೊಡ್ಡವರು ಲಗೇಜು ತೂಗಿ, ಚಹಾ ಪೊಟ್ಟಣಗಳನ್ನು ಚೀಲಗಳಿಗೆ ಹಂಚಿಕೊಳ್ಳಬಹುದು.