ಬೋಣಿಯ ಹೊತ್ತಿಗೆ ಪ್ರಶ್ನೆ ಕೇಳಬಾರದು

ಕಾರ್ತಿಕ ಮಾಸದ ಕೊನೆಯ ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತು. ಬೆಳಿಗ್ಗೆ ಆರೂವರೆಗೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ರಟ್ಟು ಹಿಡಿದು ನಿಂತಿದ್ದೆ. ಆಗ ನಾನು ಸಾಂಸ್ಕೃತಿಕ ಅಧ್ಯಯನದಲ್ಲಿ ಎಂ.ಎ. ಎರಡನೇ ವರ್ಷ. ಪ್ರಬಂಧದ ವಿಷಯ ಕಡಲೆಕಾಯಿ ಪರಿಷೆ, ಆ ಸೋಮವಾರದ ಸುತ್ತ ಅಲ್ಲಿನ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಜಾತ್ರೆ. ರಟ್ಟಿನ ಮೇಲೆ 22 ಪ್ರಶ್ನೆಗಳ ಪ್ರಶ್ನಾವಳಿ. ಮಾಗಡಿ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ರಾಶಿಯ ಮೇಲಿನ ಗೋಣಿತಾಟು ಸರಿಸುತ್ತಿದ್ದರು.

"ಅಜ್ಜಿ, ನೀವು ಪರಿಷೆಗೆ ಬರೋದು ಭಕ್ತಿಗೋ, ವ್ಯಾಪಾರಕ್ಕೋ?"

"ಇನ್ನೂ ಬೋಣಿನೇ ಆಗಿಲ್ಲ ಕಣವ್ವಾ. ನೀನು ಪುಸ್ತಕ ಹಿಡ್ಕೊಂಡು ಎದುರಿಗೆ ನಿಂತ್ರೆ ಯಾರ್ ಬತ್ತಾರೆ? ಅತ್ಲಾಗ್ ನಿಂತ್ಕೊ."

ಅತ್ತ ಸರಿದು ನಿಂತೆ. ಅರ್ಧ ಗಂಟೆಯ ನಂತರ ವಾಕಿಂಗ್ ಮುಗಿಸಿ ಬಂದ ಒಬ್ಬರು ಒಂದು ಸೇರು ಕೊಂಡರು. ಅವರು ಚೌಕಾಸಿಗೆ ಇಳಿದಾಗ ಅಜ್ಜಿ ಸುಮ್ಮನೆ ಒಪ್ಪಿಕೊಂಡರು. ಬಂದ ನೋಟನ್ನು ಕಣ್ಣಿಗೊತ್ತಿಕೊಂಡು, ರಾಶಿಗೆ ಮುಟ್ಟಿಸಿ, ಸೊಂಟದ ಚೀಲಕ್ಕೆ ಹಾಕಿದರು. ಆಮೇಲೆ ಒಂದು ಹಿಡಿ ಕಾಯಿ ಬೇರೆ ತೆಗೆದಿಟ್ಟು ನನ್ನ ಕಡೆ ತಿರುಗಿ, "ಈಗ ಕೇಳು" ಅಂದರು. ನನ್ನ ಮೊದಲ ಪ್ರಶ್ನೆ ಕೇಳಲು ನನಗೇ ಮನಸ್ಸಾಗಲಿಲ್ಲ.

ಆ ಪ್ರಶ್ನಾವಳಿಯನ್ನು ನಾನು ಮೊದಲು ಪರೀಕ್ಷಿಸಿದ್ದು ಸಹಪಾಠಿಗಳ ಮೇಲೆ. ಅವರು ಸಲೀಸಾಗಿ ಉತ್ತರಿಸಿದ್ದರು, ಏಕೆಂದರೆ ಅವರೂ ನನ್ನ ತರಗತಿಯ ಭಾಷೆಯಲ್ಲೇ ಯೋಚಿಸುವವರು. ಒಬ್ಬ ವ್ಯಾಪಾರಿಯ ಹತ್ತಿರವಾದರೂ ಓದಿಸಿ ನೋಡಿದ್ದರೆ 'ಭಕ್ತಿಯೋ ವ್ಯಾಪಾರವೋ' ಎಂಬ ಸೀಳು ನನ್ನದೇ ಹೊರತು ಪರಿಷೆಯದಲ್ಲ ಎಂದು ತಿಳಿಯುತ್ತಿತ್ತು. ಕ್ಷೇತ್ರಕಾರ್ಯಕ್ಕೆ ಪರಿಷೆ ಸಿಗುವುದು ವರ್ಷಕ್ಕೊಮ್ಮೆ, ಕೆಲವೇ ದಿನ. ಕೆಟ್ಟ ಪ್ರಶ್ನೆಗೆ ಒಂದು ದಿನ ಕಳೆದುಕೊಂಡರೆ ಮುಂದಿನ ಕಾರ್ತಿಕದವರೆಗೆ ಕಾಯಬೇಕು. ಅಂದೇ ಪ್ರಶ್ನಾವಳಿಯನ್ನು ಚೀಲಕ್ಕೆ ಸೇರಿಸಿದೆ. ಮುಂದಿನ ನಾಲ್ಕು ದಿನ ಅಜ್ಜಿಯ ರಾಶಿಯ ಹಿಂದೆ ಕೂತು ಸೇರಿನಲ್ಲಿ ಅಳೆದುಕೊಟ್ಟೆ, ಚಿಲ್ಲರೆ ಎಣಿಸಿದೆ, ಅಕ್ಕಪಕ್ಕದವರ ಜೊತೆ ಮಾತಾಡಿದೆ. ಪಾಲ್ಗೊಂಡು ಗಮನಿಸುವುದು ಎಂದು ತರಗತಿಯಲ್ಲಿ ಓದಿದ್ದು ಇದನ್ನೇ. ಆದರೆ ಮೊಣಕಾಲು ನೋಯುವಷ್ಟು ಹೊತ್ತು ಕೂತ ಮೇಲೆಯೇ ಜನ ನಮ್ಮ ಇರವನ್ನು ಮರೆಯುತ್ತಾರೆ.

ಅಧ್ಯಯನಕ್ಕೆ ಮಾತಾಡಲು ಒಪ್ಪಿದ್ದೇನೆ ಎಂದು ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವೂ ಕೆಲಸ ಮಾಡಲಿಲ್ಲ. ಸಹಿ ಅಂದ ಕೂಡಲೇ ಜನ ಹಿಂದೆ ಸರಿದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೆಟ್ಟವರ ಕಥೆ ಪ್ರತಿ ಮನೆಯಲ್ಲೂ ಇದೆ. ಗೈಡ್ ಮೇಡಂಗೆ ಫೋನ್ ಮಾಡಿ ಕೇಳಿ, ಏನು ಬರೆಯುತ್ತೇನೆ, ಯಾರ ಹೆಸರೂ ಹಾಕುವುದಿಲ್ಲ ಎಂದು ವಿವರಿಸಿ ಬಾಯಿಮಾತಿನ ಒಪ್ಪಿಗೆಯನ್ನೇ ಧ್ವನಿಮುದ್ರಿಸಿಕೊಂಡೆ. ಸಂಜೆಯ ಸಂದರ್ಶನಗಳು ಮಕ್ಕಳ ಪೀಪಿ ಸದ್ದಿನಲ್ಲಿ ಮುಳುಗಿಹೋದವು. ಹಾಗಾಗಿ ಗಂಟೆಗೊಮ್ಮೆ ಬ್ಯೂಗಲ್ ರಾಕ್ ಉದ್ಯಾನಕ್ಕೆ ಹೋಗಿ, ಬಂಡೆಯ ಮೇಲೆ ಕೂತು ಕೇಳಿದ್ದನ್ನು ಬರೆದಿಡುತ್ತಿದ್ದೆ.

ಬರೆದದ್ದು ಇಂಗ್ಲಿಷಿನಲ್ಲಿ. ಪ್ರಬಂಧ ಇಂಗ್ಲಿಷಿನಲ್ಲೇ ಅಲ್ಲವೇ, ಆಮೇಲೆ ಅನುವಾದದ ಶ್ರಮ ಉಳಿಯುತ್ತದೆ ಎಂದುಕೊಂಡಿದ್ದೆ. ನನ್ನ ಇಡೀ ಕೆಲಸದಲ್ಲಿ ಆದ ದೊಡ್ಡ ತಪ್ಪು ಇದು. ಟಿಪ್ಪಣಿಗಳನ್ನು ಮುದ್ರಿಸಿ ಭಕ್ತಿಗೆ ಹಸಿರು, ವ್ಯಾಪಾರಕ್ಕೆ ಕೆಂಪು ಗೆರೆ ಎಳೆಯುತ್ತ ಹೋದೆ. ಅಜ್ಜಿಯ ಬೋಣಿ ನನ್ನ ಟಿಪ್ಪಣಿಯಲ್ಲಿ 'ಫಸ್ಟ್ ಸೇಲ್' ಆಗಿತ್ತು, ಕೆಂಪು ಗೆರೆ ಬಿತ್ತು. ಕಣ್ಣಿಗೊತ್ತಿಕೊಂಡ ನೋಟು, ತೆಗೆದಿಟ್ಟ ಹಿಡಿ ಕಾಯಿ ಎರಡೂ ಆ ಎರಡು ಪದಗಳಲ್ಲಿ ಇರಲಿಲ್ಲ. ವಿಶ್ಲೇಷಣೆ ಇನ್ನೂ ಶುರುವಾಗಿಲ್ಲ ಎಂದು ನಾನು ಭಾವಿಸಿದ್ದ ಹೊತ್ತಿಗೆ ಅನುವಾದ ಅದನ್ನು ಮುಗಿಸಿಬಿಟ್ಟಿತ್ತು.

ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1973ರಲ್ಲಿ 'ದಟ್ಟ ವಿವರಣೆ'ಯ ಬಗ್ಗೆ, ಅಂದರೆ ಕ್ರಿಯೆಯ ಜೊತೆ ಅದರ ಅರ್ಥವನ್ನೂ ಹಿಡಿದಿಡುವ ಬರವಣಿಗೆಯ ಬಗ್ಗೆ, ಬರೆದದ್ದನ್ನು ಆಗ ಮತ್ತೆ ಓದಿದೆ. ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ ಅವರಿಂದ ಪಡೆದ ಉದಾಹರಣೆ ಅದರಲ್ಲಿದೆ: ಒಬ್ಬ ಹುಡುಗನ ಕಣ್ಣು ತಾನಾಗಿ ಅದುರುತ್ತದೆ, ಇನ್ನೊಬ್ಬ ಬೇಕೆಂದೇ ಕಣ್ಣು ಹೊಡೆಯುತ್ತಾನೆ, ಚಲನೆ ಒಂದೇ, ಅರ್ಥ ಬೇರೆ. ಆದರೆ ನಮ್ಮ ಮನೆಯಲ್ಲಿ ಕಣ್ಣು ತಾನಾಗಿ ಅದುರಿದರೂ ಅಮ್ಮ ಬಲಗಣ್ಣೋ ಎಡಗಣ್ಣೋ ಎಂದು ಕೇಳುತ್ತಾಳೆ, ಶಕುನ ನೋಡುತ್ತಾಳೆ. ಅರ್ಥವಿಲ್ಲದ ಅದುರುವಿಕೆಯೇ ಇಲ್ಲದ ಕಡೆ ದಟ್ಟ ವಿವರಣೆ ಎಲ್ಲಿಂದ ಶುರುವಾಗಬೇಕು? ಇದನ್ನು ಸೆಮಿನಾರಿನಲ್ಲಿ ಕೇಳಿದಾಗ ಇಡೀ ತರಗತಿ ಒಂದು ಗಂಟೆ ಚರ್ಚಿಸಿತು.

ಮತ್ತೆ ಧ್ವನಿಮುದ್ರಣ ಕೇಳಿ, ನೆನಪು ಕೆದಕಿ, ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲಿ ಬರೆದೆ. ತಮಿಳು, ತೆಲುಗಿನವರ ಮಾತನ್ನು ಆಯಾ ಪದಗಳಲ್ಲೇ ಕನ್ನಡ ಲಿಪಿಯಲ್ಲಿ ಇಟ್ಟೆ. ಮೂರು ವಾರ ಹಿಡಿಯಿತು. ಆಗ 'ಮೊದಲ' ಎಂಬ ಮಾತು ಎಲ್ಲೆಲ್ಲೂ ಕಾಣತೊಡಗಿತು. ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿನ್ನುತ್ತಿದ್ದ ಬಸವನಿಗೆ ಸುಂಕೇನಹಳ್ಳಿಯ ಸುತ್ತಿನ ರೈತರು ಮೊದಲ ಫಸಲು ಒಪ್ಪಿಸಿದರು ಎಂಬುದೇ ಪರಿಷೆಯ ಐತಿಹ್ಯ. ಇಲ್ಲಿ ಮೊದಲ ಫಸಲು, ಅಲ್ಲಿ ಮೊದಲ ಕಾಸು. ಭಕ್ತಿಯೋ ವ್ಯಾಪಾರವೋ ಎಂಬುದನ್ನು ಹೊಡೆದುಹಾಕಿ, 'ಮೊದಲನೆಯದು ಯಾರಿಗೆ ಸೇರಬೇಕು?' ಎಂದು ಪ್ರಶ್ನೆಯನ್ನು ತಿದ್ದಿದೆ.

ಖುಷಿಯಲ್ಲಿ ಇಡೀ ಅಧ್ಯಾಯ ಬರೆದ ಮೇಲೆ ಗಾಂಧಿ ಬಜಾರಿನ ಹೂವಿನವರ ಹತ್ತಿರ ಹೋದೆ. ಅವರು ಪ್ರತಿದಿನ ಹಾಗೆಯೇ ಬೋಣಿಯ ಕಾಸನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಅದಕ್ಕೆ ಬಸವ ಬೇಕಿಲ್ಲ. ಪರಿಷೆಗೆ ಮಾತ್ರ ಸೇರಿದ್ದು ಆ ಹಿಡಿ ಕಾಯಿ. ಅದನ್ನು ದೇವರಿಗೆಂದು ತೆಗೆದಿಟ್ಟವರು ನಾನು ಮಾತಾಡಿಸಿದ 11 ಜನರಲ್ಲಿ ನಾಲ್ವರು, ನಾಲ್ವರೂ ಸ್ವಂತ ಹೊಲದ ಕಾಯಿ ತಂದವರು. ಉಳಿದವರು ಸಗಟಾಗಿ ಕೊಂಡು ತಂದು ಮಾರುವವರು. ಅಧ್ಯಾಯ 30 ಪುಟದಿಂದ 12ಕ್ಕೆ ಇಳಿಯಿತು. ಉಳಿದ 12 ಪುಟ ನನಗೆ ಹೆಚ್ಚು ಪ್ರಿಯ. ಬೋಣಿ ಎಂಬ ಪದವನ್ನು ಅದರಲ್ಲಿ ಅನುವಾದಿಸದೆ ಹಾಗೇ ಇಟ್ಟಿದ್ದೇನೆ.

ಪ್ರಬಂಧದ ಮೌಖಿಕ ಪರೀಕ್ಷೆಯಾದ ವೈವಾದಲ್ಲಿ ಪರೀಕ್ಷಕರು ಅದರ ಬಗ್ಗೆ ಕೇಳಬಹುದೆಂದು ಸಿದ್ಧಳಾಗಿ ಹೋಗಿದ್ದೆ. ಅವರು ಕೇಳಿದ್ದು ಬೇರೆ: "ನೀವು ಕೂತದ್ದು ಗುಡಿಯ ಹತ್ತಿರದ, ಚೆನ್ನಾಗಿ ವ್ಯಾಪಾರವಾಗುವ ರಾಶಿಗಳ ಬಳಿ. ಮಧ್ಯಾಹ್ನವಾದರೂ ಬೋಣಿ ಆಗದವರನ್ನು ಮಾತಾಡಿಸಿದಿರಾ?" ಇಲ್ಲ ಎಂದೆ. ಈ ಕಾರ್ತಿಕದಲ್ಲಿ ಗುಡಿಯಿಂದ ದೂರದ, ರಾಮಕೃಷ್ಣ ಆಶ್ರಮದ ಕಡೆಯ ತುದಿಯಿಂದ ಶುರು ಮಾಡುತ್ತಿದ್ದೇನೆ.